ಕೆಂಪು ಮುಚ್ಚಳದ ಸಿರಿಂಜ್

“ಸರ್, ಇದಕ್ಕ ಹೋಗಲೇಬೇಕೇನ್ರಿ? ಹೋಗ್ಲಿಲ್ಲಂದ್ರ ಮಾರ್ಕ್ಸ್ ಕಡಿಮಿ ಬೀಳ್ತಾವೇನ್ರಿ?”

ಗದಗ ಕಡೆಯ ಒಬ್ಬ ತಂದೆ ನನ್ನ ಮೇಜಿನ ಮುಂದೆ ನಿಂತು ಕೇಳಿದ ಪ್ರಶ್ನೆ ಇದು. ಕಾಲೇಜಿನ ಸುತ್ತೋಲೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಬಿ.ಫಾರ್ಮ್ ಮೂರನೇ ವರ್ಷದವರಿಗೆ ಐದು ರಾತ್ರಿ, ಆರು ಹಗಲಿನ ‘ಅಂತರರಾಷ್ಟ್ರೀಯ ಶೈಕ್ಷಣಿಕ ಅಧ್ಯಯನ ಪ್ರವಾಸ’. ಹೋಗುವುದು ದುಬೈಗೆ. ಕಟ್ಟಬೇಕಾದ್ದು 85 ಸಾವಿರ ರೂಪಾಯಿ, ಪಾಸ್‌ಪೋರ್ಟಿನ ಖರ್ಚು ಬೇರೆ. ಅವರದು ನಾಲ್ಕು ಎಕರೆ ಒಣಬೇಸಾಯ. ಕಡ್ಡಾಯವಿಲ್ಲ ಎಂದು ಹೇಳಿದೆ. ಅವರಿಗೆ ನಂಬಿಕೆ ಬರಲಿಲ್ಲ. ಸುತ್ತೋಲೆ ಬಿಚ್ಚಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಭಾಗವಹಿಸಿದವರಿಗೆ ಪ್ರಮಾಣಪತ್ರ ಕೊಡಲಾಗುವುದು, ಮುಂದೆ ಉದ್ಯೋಗಕ್ಕೆ ಅದು ನೆರವಾಗುತ್ತದೆ ಎಂದು ಅಲ್ಲಿತ್ತು. ತಿಂಗಳೊಪ್ಪತ್ತಿನಲ್ಲಿ ಹಣ ಕಟ್ಟಿದರು. ಅವ್ವನ ಬಂಗಾರ ಸೊಸೈಟಿಯಲ್ಲಿಟ್ಟು ತಂದದ್ದೆಂದು ಮಗ ಆಮೇಲೆ ಹೇಳಿದ.

ಆ ಪ್ರವಾಸಕ್ಕೆ ಉಸ್ತುವಾರಿ ಮೇಷ್ಟ್ರಾಗಿ ಹೋದವನು ನಾನೇ. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ಕಣ್ಣಾರೆ ಕಂಡದ್ದು.

ಫಾರ್ಮಸಿ ಕಾಲೇಜುಗಳ ಆಡಳಿತ ಮಂಡಳಿಗಳಲ್ಲಿ, ಪೋಷಕರ ಸಭೆಗಳಲ್ಲಿ, ನನ್ನ ಸಹೋದ್ಯೋಗಿಗಳ ನಡುವೆಯೂ ಈಗ ಒಂದು ನಂಬಿಕೆ ಬೇರು ಬಿಟ್ಟಿದೆ. ವಿದೇಶಕ್ಕೆ ಹೋಗಿ ಬಂದ ವಿದ್ಯಾರ್ಥಿಗೆ ‘ಗ್ಲೋಬಲ್ ಎಕ್ಸ್‌ಪೋಶರ್’ ಸಿಗುತ್ತದೆ, ಆತ್ಮವಿಶ್ವಾಸ ಬೆಳೆಯುತ್ತದೆ, ಹೊರದೇಶದ ಕೆಲಸದ ಬಾಗಿಲು ತೆರೆಯುತ್ತದೆ, ಇಲ್ಲಿ ಕಾಣಸಿಗದ ತಂತ್ರಜ್ಞಾನ ಅಲ್ಲಿ ಕಾಣುತ್ತದೆ ಎಂಬುದು ಆ ನಂಬಿಕೆ. ಈ ನಾಲ್ಕು ಮಾತೂ ತಪ್ಪು ಎಂದು ನಾನು ತಿಳಿದಿದ್ದೇನೆ. ತಪ್ಪಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಇವುಗಳ ನೆರಳಿನಲ್ಲಿ ನಮ್ಮ ಮಕ್ಕಳು ಕಲಿಯಲೇಬೇಕಾದದ್ದು ಕಲಿಯದೆ ಹೊರಬೀಳುತ್ತಿದ್ದಾರೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ಆರು ಹಗಲಲ್ಲಿ ‘ಅಧ್ಯಯನ’ ಎಂಬುದು ನಡೆದದ್ದು ಒಂದು ಬೆಳಿಗ್ಗೆ. ಔಷಧ ತಯಾರಿಕಾ ಘಟಕವೊಂದಕ್ಕೆ ಬಸ್ಸು ಹತ್ತೂವರೆಗೆ ತಲುಪಿತು. ಮೊದಲು ಸಭಾಂಗಣದಲ್ಲಿ ಕೂರಿಸಿ ಕಂಪನಿಯ ಬಗ್ಗೆ ಅರ್ಧ ಗಂಟೆ ಸ್ಲೈಡ್ ತೋರಿಸಿದರು. ಆಮೇಲೆ ತಲೆಗೆ ಟೋಪಿ, ಕಾಲಿಗೆ ಹೊದಿಕೆ ಹಾಕಿಸಿ, ಒಂದು ಓಣಿಯಂಥ ಜಾಗದಲ್ಲಿ ಸಾಲಾಗಿ ನಡೆಸಿದರು. ಒಂದು ಬದಿಗೆ ಗಾಜು, ಗಾಜಿನಾಚೆ ಯಂತ್ರಗಳು. ಒಳಗೆ ಬಿಡಲಿಲ್ಲ. ಬಿಡದೇ ಇದ್ದದ್ದು ಸರಿಯೇ. ಮಾತ್ರೆ, ಇಂಜೆಕ್ಷನ್ ತಯಾರಾಗುವ ಕೋಣೆಗೆ ನಲವತ್ತು ಪ್ರವಾಸಿಗಳನ್ನು ನುಗ್ಗಿಸುವ ಕಾರ್ಖಾನೆ ಔಷಧ ತಯಾರಿಸಲು ಯೋಗ್ಯವಲ್ಲ. ಗಾಜಿನಾಚೆ ಕಂಡದ್ದು ಏನು? ಬ್ಲಿಸ್ಟರ್ ಪಟ್ಟಿಗೆ ಮಾತ್ರೆ ತುಂಬುವ ಯಂತ್ರ. ಅಂಥದೇ ಯಂತ್ರಗಳು ಬೆಂಗಳೂರಿನ ಪೀಣ್ಯದಲ್ಲಿ ಹಗಲೂ ರಾತ್ರಿ ಓಡುತ್ತವೆ. ಹನ್ನೆರಡೂವರೆಗೆ ಬಾಗಿಲ ಮುಂದೆ ಕಾಲೇಜಿನ ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡೆವು. ಮುಂದಿನ ಸೆಪ್ಟೆಂಬರಿನ ಪ್ರವೇಶ ಪುಸ್ತಿಕೆಯ ಎರಡನೇ ಪುಟದಲ್ಲಿ ಆ ಫೋಟೊ ಬಂತು. ಉಳಿದ ದಿನಗಳು ಬುರ್ಜ್ ಖಲೀಫಾ, ಮರಳುಗಾಡಿನ ಸಫಾರಿ, ದೋಣಿಯಲ್ಲಿ ಊಟ, ಬಂಗಾರದ ಬಜಾರು.

ವಾಪಸು ಬಂದ ಮೇಲೆ ಮಕ್ಕಳು ವರದಿ ಬರೆದರು. ತಿದ್ದಿದವನೂ ನಾನೇ. ಮೂವತ್ತೊಂಬತ್ತು ವರದಿಗಳಲ್ಲಿ ಕಂಪನಿಯ ಬಗ್ಗೆ ಬರೆದ ಪುಟಗಳು ಒಂದೇ ಅಚ್ಚಿನಲ್ಲಿದ್ದವು, ಕಂಪನಿಯ ಜಾಲತಾಣದಿಂದ ಇಳಿಸಿಕೊಂಡದ್ದು. ಒಬ್ಬ ಹುಡುಗಿ ಮಾತ್ರ ತನ್ನ ಕಣ್ಣಿಂದ ನೋಡಿ ಒಂದು ಸಾಲು ಬರೆದಿದ್ದಳು: ಗಾಜಿನಾಚೆ ಕೆಲಸ ಮಾಡುತ್ತಿದ್ದವರಲ್ಲಿ ಬಹಳ ಮಂದಿ ನಮ್ಮ ದೇಶದವರಂತೆಯೇ ಕಂಡರು, ಅವರಲ್ಲಿ ಒಬ್ಬರು ಕೈ ಬೀಸಿದರು ಎಂದು. ಆ ಹುಡುಗಿಗೆ ಪೂರ್ತಿ ಅಂಕ ಕೊಟ್ಟೆ.

ಇನ್ನು ನನ್ನ ನಿದ್ದೆ ಕೆಡಿಸಿದ ಸಂಗತಿಗೆ ಬರುತ್ತೇನೆ. ಪ್ರವಾಸದಿಂದ ಬಂದ ಎರಡು ತಿಂಗಳಿಗೆ ಅದೇ ತಂಡದ ಕೆಲವರನ್ನು ಹುಬ್ಬಳ್ಳಿಯ ಆಸ್ಪತ್ರೆಯೊಂದರ ಔಷಧಿ ಕೌಂಟರಿಗೆ ಕರೆದುಕೊಂಡು ಹೋಗಿದ್ದೆ. ನವಲಗುಂದ ಕಡೆಯಿಂದ ಬಂದ, ಅರವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ಪ್ಲಾಸ್ಟಿಕ್ ಚೀಲದಿಂದ ಇನ್ಸುಲಿನ್ ಬಾಟಲಿ, ಸಿರಿಂಜ್ ತೆಗೆದು ಕೌಂಟರಿನ ಮೇಲಿಟ್ಟರು. “ದಿನಾ ಚುಚ್ಚಿಕೋತೀನಿ ತಮ್ಮಾ, ಆದ್ರೂ ಸಕ್ಕರಿ ಇಳಿವಲ್ದು” ಎಂದರು. ಕೌಂಟರಿನಲ್ಲಿ ನಿಂತಿದ್ದವನು ಗದಗಿನ ಆ ಹುಡುಗನೇ. ಇನ್ಸುಲಿನ್‌ನಲ್ಲಿ 51 ಅಮೈನೊ ಆಮ್ಲಗಳಿವೆ, ಎರಡು ಸರಪಳಿಗಳಿವೆ ಎಂದು ಬಾಯಿಪಾಠ ಹೇಳಬಲ್ಲವನು. ಬಾಟಲಿ ತಿರುಗಿಸಿ ನೋಡಿದ. “ಫ್ರಿಜ್‌ನ್ಯಾಗ ಇಡ್ರಿ ಅಮ್ಮಾರ” ಎಂದ. ಅಷ್ಟೇ.

ಬಾಟಲಿಯ ಮೇಲೆ 40 ಎಂದಿತ್ತು. ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣದ್ದು.

ಈ ಕಸುಬು ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ದೇಶದಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್ ಬಲದ್ದು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಒಂದು ಮಿಲಿಲೀಟರಿಗೆ 100 ಯೂನಿಟ್ ಇರುವ ಇನ್ಸುಲಿನ್ನಿಗೆ ಕಿತ್ತಳೆ ಮುಚ್ಚಳದ್ದು. ಎರಡರ ಮೇಲಿನ ಗೆರೆಗಳೂ ಬೇರೆ ಲೆಕ್ಕದವು. ಆ ತಾಯಿ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದುಕೊಳ್ಳುತ್ತಿದ್ದರು. ಮೈಗೆ ಸೇರುತ್ತಿದ್ದದ್ದು 8 ಯೂನಿಟ್. ಸಕ್ಕರೆ ಹೇಗೆ ಇಳಿಯಬೇಕು? ಇಳಿಯಲಿಲ್ಲ ಎಂದು ವೈದ್ಯರು ಪ್ರಮಾಣ ಹೆಚ್ಚಿಸಿ 30 ಎಂದು ಬರೆಯುತ್ತಾರೆ. ಮುಂದೊಂದು ದಿನ ಬೇರೆ ಅಂಗಡಿಯಲ್ಲಿ ಸರಿಯಾದ ಕೆಂಪು ಸಿರಿಂಜ್ ಸಿಕ್ಕರೆ ಪೂರ್ತಿ 30 ಯೂನಿಟ್ ಒಮ್ಮೆಗೇ ಒಳಗೆ ಹೋಗುತ್ತದೆ. ರಾತ್ರಿ ಮಲಗಿದವರು ಬೆಳಿಗ್ಗೆ ಏಳದಿರುವುದು ಹೀಗೆ.

ಜಗತ್ತಿನ ಹೆಚ್ಚಿನ ದೇಶಗಳು 100 ಯೂನಿಟ್ಟಿನ ಇನ್ಸುಲಿನ್ನಿಗೆ ಬದಲಾಗಿ ದಶಕಗಳೇ ಕಳೆದವು. ಎರಡು ಬಲದ ಇನ್ಸುಲಿನ್, ಎರಡು ಬಣ್ಣದ ಮುಚ್ಚಳ ಒಂದೇ ಅಂಗಡಿಯಲ್ಲಿ ಅಕ್ಕಪಕ್ಕ ಕೂತಿರುವ ಅಪಾಯ ನಮ್ಮ ಮನೆಯದು. ಇದನ್ನು ಹೊರದೇಶ ಕಲಿಸಲಾರದು. ಹುಬ್ಬಳ್ಳಿಯ ಕೌಂಟರ್ ಕಲಿಸಬಲ್ಲದು. “ನಮಗ ಯಾರೂ ತೋರಿಸಿಲ್ರಿ ಸರ್” ಎಂದು ಆ ಹುಡುಗ ತಲೆ ತಗ್ಗಿಸಿದ. ಅವನು ಹೇಳಿದ್ದು ನಿಜ. ಬುರ್ಜ್ ಖಲೀಫಾ ತೋರಿಸಿದ್ದೆವು, ಕೆಂಪು ಮುಚ್ಚಳ ತೋರಿಸಿರಲಿಲ್ಲ.

ತೋರಿಸುವುದಕ್ಕೆ ಕಾನೂನೇ ಜಾಗ ಮಾಡಿಕೊಟ್ಟಿದೆ. ಭಾರತೀಯ ಫಾರ್ಮಸಿ ಪರಿಷತ್ತಿನ ನಿಯಮದ ಪ್ರಕಾರ ಬಿ.ಫಾರ್ಮ್ ವಿದ್ಯಾರ್ಥಿ ಆರನೇ ಸೆಮಿಸ್ಟರ್ ಮುಗಿದ ಮೇಲೆ, ಏಳನೆಯದು ಶುರುವಾಗುವ ಮೊದಲು, ನಾಲ್ಕು ವಾರಗಳಲ್ಲಿ ಕನಿಷ್ಠ 150 ಗಂಟೆ ಕಾರ್ಖಾನೆಯಲ್ಲೋ ಆಸ್ಪತ್ರೆಯಲ್ಲೋ ಔಷಧಿ ಅಂಗಡಿಯಲ್ಲೋ ಕೆಲಸ ಮಾಡಬೇಕು. ಡಿ.ಫಾರ್ಮ್‌ನವರಿಗೆ 500 ಗಂಟೆ. ಈ ಗಂಟೆಗಳು ಹೇಗೆ ತುಂಬುತ್ತವೆಂದು ಈ ಕ್ಷೇತ್ರದಲ್ಲಿರುವವರಿಗೆಲ್ಲ ಗೊತ್ತು. ಮಾವನ ಮೆಡಿಕಲ್ ಶಾಪಿನ ಸೀಲು, ಪರಿಚಯದವರ ಸಹಿ, ಒಂದೇ ಪೆನ್ನಿನಲ್ಲಿ ಒಂದೇ ಸಂಜೆ ಬರೆದ ಇಪ್ಪತ್ತೈದು ದಿನಗಳ ದಿನಚರಿ. ನಾನು ನೋಡಿದ ಒಂದು ಪುಸ್ತಕದಲ್ಲಿ ಯುಗಾದಿಯ ದಿನವೂ ಎಂಟು ಗಂಟೆ ಕೆಲಸ ಮಾಡಿದ ಲೆಕ್ಕವಿತ್ತು. ಅದಕ್ಕೂ ಕಾಲೇಜಿನ ಮುದ್ರೆ ಬಿದ್ದಿತ್ತು. ಕಡ್ಡಾಯವಾದ ತರಬೇತಿಯನ್ನು ಕಾಗದದಲ್ಲಿ ಮುಗಿಸಿ, ಕಡ್ಡಾಯವಲ್ಲದ ವಿಮಾನಯಾನಕ್ಕೆ ಮೂರು ತಿಂಗಳು ಮೊದಲೇ ಸಮಿತಿ ರಚಿಸುವ ಕಾಲೇಜಿನ ಬಾಯಲ್ಲಿ ‘ಎಕ್ಸ್‌ಪೋಶರ್’ ಎಂಬ ಮಾತು ಬರಬಾರದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿಸುವ ಕೆಲಸ ಇದು.

ವಿದೇಶಿ ಕೆಲಸದ ಮಾತಿಗೆ ಬರೋಣ. ಪೋಷಕರನ್ನು ಹೆಚ್ಚು ಸೆಳೆಯುವುದು ಇದೇ. ಕೊಲ್ಲಿ ದೇಶಗಳಲ್ಲಿ ಫಾರ್ಮಸಿಸ್ಟ್ ಆಗಬೇಕಾದರೆ ಮೂಲ ದಾಖಲೆಗಳನ್ನು ಡೇಟಾಫ್ಲೋ ಎಂಬ ಸಂಸ್ಥೆಯ ಮೂಲಕ ಪರಿಶೀಲನೆ ಮಾಡಿಸಬೇಕು, ಪ್ರೊಮೆಟ್ರಿಕ್ ಪರೀಕ್ಷೆ ಬರೆಯಬೇಕು. ಆ ಪರೀಕ್ಷೆಯಲ್ಲಿ ಕೇಳುವುದು ಔಷಧದ ಪ್ರಮಾಣ, ಅಡ್ಡಪರಿಣಾಮ, ಒಂದು ಔಷಧ ಇನ್ನೊಂದರ ಜೊತೆ ಹೇಗೆ ವರ್ತಿಸುತ್ತದೆ ಎಂಬುದು. ಪ್ರವಾಸದ ಪ್ರಮಾಣಪತ್ರವನ್ನು ಯಾವ ಕಿಟಕಿಯಲ್ಲೂ ಕೇಳುವುದಿಲ್ಲ. ಅಮೆರಿಕದ ದಾರಿ ಇನ್ನೂ ಇಕ್ಕಟ್ಟಿನದು. 2003ರ ಜನವರಿಯಿಂದ ಈಚೆಗೆ ಪದವಿ ಪಡೆದ ವಿದೇಶಿ ಫಾರ್ಮಸಿಸ್ಟ್ ಅಲ್ಲಿನ ಅರ್ಹತಾ ಪರೀಕ್ಷೆಗೆ ಕೂರಬೇಕಾದರೆ ಕನಿಷ್ಠ ಐದು ವರ್ಷದ ವ್ಯಾಸಂಗ ಮಾಡಿರಬೇಕು. ನಮ್ಮ ಬಿ.ಫಾರ್ಮ್ ನಾಲ್ಕೇ ವರ್ಷದ್ದು. ಆರು ವರ್ಷದ ಫಾರ್ಮ್.ಡಿ. ಓದಿದವರಿಗೆ ಆ ಬಾಗಿಲು ತೆರೆದಿದೆ, ಬಿ.ಫಾರ್ಮ್ ಮಾತ್ರ ಓದಿದವರಿಗೆ ಇಲ್ಲ. ಪ್ರವೇಶದ ಹೊತ್ತಿಗೆ ಈ ಒಂದು ಮಾತನ್ನು ತಿಳಿಹೇಳಿದರೆ ಒಬ್ಬ ಹುಡುಗನ ಬದುಕಿಗೆ ಹತ್ತು ಪ್ರವಾಸಕ್ಕಿಂತ ಹೆಚ್ಚಿನ ಉಪಕಾರವಾಗುತ್ತದೆ. ಪುಸ್ತಿಕೆಯಲ್ಲಿ ಈ ಮಾತು ನನಗೆ ಕಾಣಿಸಿಲ್ಲ.

ತಂತ್ರಜ್ಞಾನ ನೋಡಲು ಹೊರಗೆ ಹೋಗಬೇಕು ಎಂಬುದಂತೂ ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಕತೆ. 1978ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಬಯೋಕಾನ್ 2004ರಲ್ಲಿ ತನ್ನದೇ ಮಾನವ ಇನ್ಸುಲಿನ್ ಮಾರುಕಟ್ಟೆಗೆ ತಂದಿತು. ಕೇಂದ್ರ, ರಾಜ್ಯ ಸರ್ಕಾರಗಳು ಜೊತೆಗೂಡಿ ಕಟ್ಟಿದ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಇಂದಿಗೂ ಪೀಣ್ಯದಲ್ಲಿ ಔಷಧ ತಯಾರಿಸುತ್ತಿದೆ. ರಾಯಚೂರಿನಲ್ಲಿ ಕ್ಯಾನ್ಸರ್ ಔಷಧಗಳ ಮೂಲವಸ್ತು ತಯಾರಾಗುತ್ತದೆ. ಬೀದರಿನ ಕೊಳಾರದಲ್ಲಿ, ಯಾದಗಿರಿಯ ಕಡೇಚೂರಿನಲ್ಲಿ ಔಷಧ, ರಾಸಾಯನಿಕ ಘಟಕಗಳಿವೆ. ಅಮೆರಿಕಕ್ಕೆ ಔಷಧ ಕಳಿಸುವ ನಮ್ಮ ಕಾರ್ಖಾನೆಗಳನ್ನು ತಪಾಸಣೆ ಮಾಡಲು ಅಮೆರಿಕದ ಎಫ್‌ಡಿಎ ಇನ್‌ಸ್ಪೆಕ್ಟರುಗಳು ಇಲ್ಲಿಗೇ ಬರುತ್ತಾರೆ, ಅವರ ಕಚೇರಿಯೂ ದೆಹಲಿಯಲ್ಲಿದೆ. ತಪ್ಪು ಕಂಡರೆ ಅವರು ಬರೆದುಕೊಡುವ ಆಕ್ಷೇಪಣೆ ಪಟ್ಟಿಗೆ ‘ಫಾರ್ಮ್ 483’ ಎನ್ನುತ್ತಾರೆ. ಅಂಥ ಹಲವು ಪಟ್ಟಿಗಳು ಸಾರ್ವಜನಿಕವಾಗಿ ಸಿಗುತ್ತವೆ. ಯಾವ ದಾಖಲೆಯಲ್ಲಿ ಅಂಕಿ ತಿದ್ದಿದ್ದರು, ಯಾವ ನಲ್ಲಿಯಲ್ಲಿ ನೀರು ನಿಂತಿತ್ತು ಎಂಬಷ್ಟು ವಿವರ ಅವುಗಳಲ್ಲಿರುತ್ತದೆ. ಒಂದು ವಾರ ತರಗತಿಯಲ್ಲಿ ಕೂತು ಅಂಥ ಐದು ಪಟ್ಟಿ ಓದಿದರೆ ಗುಣಮಟ್ಟ ಎಂದರೇನು ಎಂಬುದು ಮನಸ್ಸಿಗೆ ಇಳಿಯುತ್ತದೆ. ಖರ್ಚು ಜೆರಾಕ್ಸಿನದಷ್ಟೇ.

ಗುಣಮಟ್ಟದ ಮಾತನ್ನು ಇಷ್ಟಕ್ಕೇ ಬಿಡಲಾರೆ. 2022ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹರಿಯಾಣದಲ್ಲಿ ತಯಾರಾದ ನಾಲ್ಕು ಸಿರಪ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತಿದ್ದರು. ಪರೀಕ್ಷೆಯಲ್ಲಿ ಸಿಕ್ಕಿದ್ದು ಡೈಎಥಿಲೀನ್ ಗ್ಲೈಕಾಲ್ ಮತ್ತು ಎಥಿಲೀನ್ ಗ್ಲೈಕಾಲ್. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಅದೇ ಡೈಎಥಿಲೀನ್ ಗ್ಲೈಕಾಲ್ ವಿಷ. ಕಾಂಚೀಪುರದ ಘಟಕವೊಂದರ ಕೆಮ್ಮಿನ ಸಿರಪ್ಪಿನಲ್ಲಿ ಶೇ 0.1 ಮೀರಬಾರದ ವಸ್ತು ಶೇ 48.6ರಷ್ಟಿತ್ತು. ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಹೋದರು. 1986ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ 14 ರೋಗಿಗಳು ಸತ್ತದ್ದೂ ಗ್ಲಿಸರಿನ್ನಿನಲ್ಲಿ ಬೆರೆತಿದ್ದ ಇದೇ ವಸ್ತುವಿನಿಂದ. ನ್ಯಾಯಮೂರ್ತಿ ಲೆಂಟಿನ್ ಆಯೋಗ ಅದರ ತನಿಖೆ ನಡೆಸಿತ್ತು. ನಾಲ್ಕು ದಶಕವಾಯಿತು, ಪಾಠ ತಲೆಗೆ ಹೋಗಿಲ್ಲ. ಡ್ರಮ್ಮಿನಲ್ಲಿ ಬಂದ ಗ್ಲಿಸರಿನ್ನನ್ನೋ ಪ್ರೊಪಿಲೀನ್ ಗ್ಲೈಕಾಲನ್ನೋ ಬಳಸುವ ಮೊದಲು ಪರೀಕ್ಷಿಸಬೇಕು. ಪರೀಕ್ಷಿಸಬೇಕಾದವನು, ಸಹಿ ಹಾಕಬೇಕಾದವನು ನಮ್ಮ ತರಗತಿಯಿಂದಲೇ ಹೋದ ಹುಡುಗ. ಲೆಂಟಿನ್ ಆಯೋಗದ ಹೆಸರನ್ನು ಅಂತಿಮ ವರ್ಷದ ತರಗತಿಯಲ್ಲಿ ಕೇಳಿದೆ. ಒಂದು ಕೈಯೂ ಮೇಲೇಳಲಿಲ್ಲ.

ನಮ್ಮ ರಾಜ್ಯವೇನೂ ಹೊರತಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಪ್ರಶ್ನೆ ವಿಧಾನಸಭೆವರೆಗೆ ಹೋಯಿತು. ಆ ದ್ರಾವಣ ಹೇಗೆ ಖರೀದಿಯಾಯಿತು, ಮಾದರಿ ಯಾವ ಪ್ರಯೋಗಾಲಯಕ್ಕೆ ಹೋಯಿತು, ರಾಜ್ಯದ ವರದಿಗೂ ಕೇಂದ್ರದ ವರದಿಗೂ ಏಕೆ ತಾಳೆಯಾಗಲಿಲ್ಲ ಎಂಬುದನ್ನು ಫಾರ್ಮಸಿ ವಿದ್ಯಾರ್ಥಿ ಓದದೆ ಇನ್ನು ಯಾರು ಓದಬೇಕು? ಆ ವರ್ಷ ನಮ್ಮ ಭಾಗದ ಕಾಲೇಜುಗಳಿಂದ ವಿಮಾನ ಹತ್ತಿದ ತಂಡಗಳಿದ್ದವು. ಬಳ್ಳಾರಿಗೆ ಬಸ್ಸು ಹತ್ತಿದ ತಂಡವನ್ನು ನಾನು ಕಾಣಲಿಲ್ಲ.

ವಿದೇಶದಿಂದ ಕಲಿಯುವುದೇನೂ ಇಲ್ಲ ಎಂದು ನಾನು ಹೇಳುತ್ತಿಲ್ಲ. ಕಲಿಯುವುದು ಬೇಕಾದಷ್ಟಿದೆ, ಅದು ಮಾಲುಗಳಿರುವ ಊರಿನಲ್ಲಿಲ್ಲ. ಶ್ರೀಲಂಕಾದ ಸೇನಕ ಬಿಬಿಲೆ ಎಂಬ ಔಷಧ ವಿಜ್ಞಾನಿ 1971ರಲ್ಲಿ ಸರ್ಕಾರಿ ಔಷಧ ನಿಗಮ ಕಟ್ಟಿ, ಬ್ರ್ಯಾಂಡ್ ಹೆಸರಿನ ಬದಲು ಮೂಲ ಹೆಸರಿನಲ್ಲಿ, ಬೇಕಾದಷ್ಟೇ ಔಷಧಗಳನ್ನು ಅಗ್ಗದಲ್ಲಿ ತರಿಸುವ ದಾರಿ ತೋರಿದರು. ಬಾಂಗ್ಲಾದೇಶ 1982ರಲ್ಲಿ ಔಷಧ ನೀತಿ ತಂದು ಸುಮಾರು 1,700 ನಿರುಪಯುಕ್ತ, ಹಾನಿಕರ ಉತ್ಪನ್ನಗಳನ್ನು ಹೊರಗಿಟ್ಟಿತು. ಅದರ ಬೆನ್ನಿಗೆ ನಿಂತವರಲ್ಲಿ ಮುಖ್ಯರು ಢಾಕಾ ಸಮೀಪದ ಸಾವರ್‌ನಲ್ಲಿ ಜನರ ಆರೋಗ್ಯ ಕೇಂದ್ರ ಕಟ್ಟಿದ ಜಫ್ರುಲ್ಲಾ ಚೌಧರಿ. ಕಾಲೇಜು ಇಬ್ಬರೇ ವಿದ್ಯಾರ್ಥಿಗಳನ್ನು ತನ್ನ ಖರ್ಚಿನಲ್ಲಿ ಒಂದು ತಿಂಗಳು ಅಂಥ ಜಾಗಕ್ಕೆ ಕಳಿಸಿ, ಬಂದ ಮೇಲೆ ಉಳಿದವರಿಗೆ ಪಾಠ ಮಾಡಿಸಲಿ. ಆ ದಿನ ನಾನೇ ಮುಂದಿನ ಬೆಂಚಿನಲ್ಲಿ ಕೂತು ಕೇಳುತ್ತೇನೆ.

ನನ್ನನ್ನು ತಡೆದು ನಿಲ್ಲಿಸುವ ಒಂದೇ ಒಂದು ವಾದ ಇದೆ. ನಮ್ಮ ತಂಡದಲ್ಲಿ ಹಳ್ಳಿಯ ಹುಡುಗಿಯೊಬ್ಬಳು ವಿಮಾನದ ಕಿಟಕಿಗೆ ಹಣೆ ಒತ್ತಿ ಕೂತವಳು ಇಳಿಯುವವರೆಗೆ ಅಲುಗಲಿಲ್ಲ. ಅವಳ ಮನೆಯಲ್ಲಿ ಬೆಂಗಳೂರು ನೋಡಿದವರೂ ಇರಲಿಲ್ಲ. ಆ ಸಂತೋಷ ಸಣ್ಣದೆಂದು ನಾನು ಯಾವತ್ತೂ ಹೇಳಲಾರೆ. ಬಡವರ ಮಕ್ಕಳಿಗೆ ಲೋಕ ನೋಡುವ ಹಕ್ಕಿಲ್ಲವೇ ಎಂದು ಒಬ್ಬ ಸಹೋದ್ಯೋಗಿ ಕೇಳಿದರು. ಇದೆ. ಖಂಡಿತ ಇದೆ. ಆದರೆ ಆ ತಂಡದಲ್ಲಿ ಹೋದವರು ಮೂವತ್ತೊಂಬತ್ತು ಮಂದಿ, ತರಗತಿಯಲ್ಲಿದ್ದವರು ಅರವತ್ತು. ಉಳಿದ ಇಪ್ಪತ್ತೊಂದು ಮಕ್ಕಳು ಆ ಆರು ದಿನ ಖಾಲಿ ತರಗತಿಯಲ್ಲಿ ಕೂತಿದ್ದರು. ಪಾಠ ಮಾಡಬೇಕಾದ ನಾನು ದುಬೈಯಲ್ಲಿದ್ದೆ. ಲೋಕ ನೋಡುವ ಹಕ್ಕು ಎಂದ ಮೇಲೆ ಅದು ಆ ಇಪ್ಪತ್ತೊಂದು ಜನರಿಗೂ ಸೇರಿದ್ದು. ವಿಹಾರಕ್ಕೆ ಕರೆದುಕೊಂಡು ಹೋಗುವುದಾದರೆ ವಿಹಾರ ಎಂದೇ ಕರೆಯಿರಿ. ಆಗ ತಂದೆ ತನ್ನ ಶಕ್ತಿ ನೋಡಿ ಹೂಂ ಅಥವಾ ಊಹೂಂ ಎನ್ನುತ್ತಾನೆ. ‘ಅಧ್ಯಯನ’ ಎಂದು ಬರೆದ ಕೂಡಲೇ ಅವನು ಊಹೂಂ ಎನ್ನಲಾರ. ಮಗನ ಓದಿಗೆ ತಾನೇ ಅಡ್ಡ ಬಂದೆನೆಂಬ ಭಯ ಅವನದು. ಆ ಭಯದ ಮೇಲೆ ಹಣ ಎತ್ತುವುದು ಅನ್ಯಾಯ. ಈ ಮಾತನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ಹಾಗಾದರೆ ಮೇಷ್ಟ್ರುಗಳು ಏಕೆ ಬಾಯಿ ಬಿಡುವುದಿಲ್ಲ? ಪ್ರವಾಸ ಸಂಸ್ಥೆ ಇಷ್ಟು ಮಕ್ಕಳಿಗೆ ಒಬ್ಬ ಮೇಷ್ಟ್ರು ಎಂದು ಉಚಿತ ಟಿಕೆಟ್ ಕೊಡುತ್ತದೆ. ನನ್ನ ಟಿಕೆಟ್ಟೂ ಹಾಗೇ ಬಂದದ್ದು. ಅದರ ಬೆಲೆ ಮಕ್ಕಳ 85 ಸಾವಿರದೊಳಗೇ ಸೇರಿತ್ತೆಂಬುದು ಉಸ್ತುವಾರಿಗೆ ಒಪ್ಪಿ ಸಹಿ ಹಾಕುವಾಗ ನನಗೆ ಗೊತ್ತಿತ್ತು. ಮರುವರ್ಷ ಬರುವುದಿಲ್ಲ ಎಂದು ಬರೆದುಕೊಟ್ಟೆ. ಬೇರೆಯವರು ಹೋದರು.

ಈಗ ನಾನು ನಿವೃತ್ತನಾಗಿದ್ದೇನೆ. ಗುರುವಾರ, ಶನಿವಾರ ಆಸ್ಪತ್ರೆಯ ಕೌಂಟರಿನಲ್ಲಿ ನಿಲ್ಲುತ್ತೇನೆ, ಜೊತೆಗೆ ಬರುವ ನಾಲ್ಕಾರು ಮಕ್ಕಳಿಗೆ ಕಲಿಸುತ್ತೇನೆ. ಎದೆನೋವಿನ ಮಾತ್ರೆಯನ್ನು ‘ಸಬ್‌ಲಿಂಗ್ವಲ್’ ಎಂದರೆ ಅಜ್ಜಿಗೆ ತಿಳಿಯುವುದಿಲ್ಲ, ‘ನುಂಗಬ್ಯಾಡ್ರಿ, ನಾಲಿಗಿ ಕೆಳಗ ಇಟ್ಕೊಳ್ರಿ’ ಎನ್ನಬೇಕು. ಕೀಲುನೋವಿಗೆ ಬರೆದ ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ ನುಂಗುವ ಮಾತ್ರೆ, ದಿನಾ ನುಂಗಿದರೆ ಪ್ರಾಣಕ್ಕೆ ಕುತ್ತು. ಆದ್ದರಿಂದ ಚೀಟಿಯ ಮೇಲೆ ವಾರದ ಹೆಸರು ಬರೆದುಕೊಟ್ಟು, ಅವರ ಬಾಯಿಂದಲೇ ಒಮ್ಮೆ ಹೇಳಿಸಬೇಕು. 2015ರ ಫಾರ್ಮಸಿ ವೃತ್ತಿ ನಿಯಮಾವಳಿ ಫಾರ್ಮಸಿಸ್ಟ್ ರೋಗಿಗೆ ತಿಳಿವಳಿಕೆ ಕೊಡಬೇಕೆಂದು ಹೇಳುತ್ತದೆ. ಎರಡು ವಾರದಲ್ಲಿ ಈ ಮಕ್ಕಳು ಅದನ್ನು ಕಲಿಯುತ್ತಾರೆ, ಮೂರನೇ ವಾರ ನನ್ನನ್ನೇ ತಿದ್ದುತ್ತಾರೆ. ಗದಗಿನ ಆ ಹುಡುಗ ಈಗ ಅದೇ ಕೌಂಟರಿನಲ್ಲಿ ಕೆಲಸಕ್ಕಿದ್ದಾನೆ. ಇನ್ಸುಲಿನ್ ತೆಗೆದುಕೊಳ್ಳಲು ಬಂದವರನ್ನು ಮೊದಲು ಅವನು ಕೇಳುವುದು, “ಸಿರಿಂಜಿನ ಮುಚ್ಚಳ ಯಾವ ಬಣ್ಣದ್ದೈತ್ರಿ, ತೋರಸ್ರಿ” ಎಂದು.

ಫಾರ್ಮಸಿ ಓದುವ ಮಕ್ಕಳ ತಂದೆತಾಯಿಯರೇ, ಈ ವರ್ಷವೂ ಸುತ್ತೋಲೆ ನಿಮ್ಮ ಮನೆಗೆ ಬರುತ್ತದೆ. ಸಹಿ ಹಾಕುವ ಮೊದಲು ಮಗನ ಅಥವಾ ಮಗಳ 150 ಗಂಟೆಯ ತರಬೇತಿ ಪುಸ್ತಕ ತರಿಸಿ ನೋಡಿ. ಅದರಲ್ಲಿ ಬರೆದ ಅಂಗಡಿಗೆ, ಆಸ್ಪತ್ರೆಗೆ ಒಂದು ಫೋನ್ ಮಾಡಿ, ನಮ್ಮ ಮಗು ಅಲ್ಲಿಗೆ ನಿಜವಾಗಿ ಬಂದಿತ್ತೇ ಎಂದು ಕೇಳಿ. ಬಂದಿರಲಿಲ್ಲವೆಂದರೆ ಸುತ್ತೋಲೆಯನ್ನು ಪ್ರಾಂಶುಪಾಲರ ಮೇಜಿನ ಮೇಲಿಟ್ಟು, ಮೊದಲು ಆ 150 ಗಂಟೆ ಮಾಡಿಸಿ ಎಂದು ಹೇಳಿ ಬನ್ನಿ.